ಶ್ರುತಿ ಮತ್ತು ಗೆರೆ: ಸಂಗೀತ, ಚಿತ್ರಕಲೆಗಳ ಮೊದಲ ಪಾಠಗಳನ್ನು ಒಟ್ಟಿಗೆ ಕಲಿಯುವ ಬಗೆ

ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ವಜ್ರನೆಂಬ ಅರಸ ಮಾರ್ಕಂಡೇಯ ಮುನಿಯನ್ನು ಕಂಡು, ದೇವತಾಪ್ರತಿಮೆಗಳನ್ನು ಮಾಡುವ ಬಗೆಯನ್ನು ತಿಳಿಸಿಕೊಡಬೇಕೆಂದು ಕೇಳುತ್ತಾನೆ. ಚಿತ್ರಸೂತ್ರವನ್ನು ಅರಿಯದವನಿಗೆ ಪ್ರತಿಮಾಲಕ್ಷಣ ಅರ್ಥವಾಗದು ಎಂದು ಮುನಿ ಉತ್ತರಿಸುತ್ತಾನೆ. ಹಾಗಿದ್ದರೆ ಚಿತ್ರಸೂತ್ರವನ್ನೇ ಹೇಳಿ ಎಂದು ಅರಸ ಬೇಡಿದರೆ, ನೃತ್ತ ಗೊತ್ತಿಲ್ಲದೆ ಚಿತ್ರ ಗೊತ್ತಾಗದು, ನೃತ್ತಕ್ಕೆ ವಾದ್ಯ ಬೇಕು, ವಾದ್ಯಕ್ಕೆ ಗೀತ ಬೇಕು ಎಂದು ಮುನಿ ಅವನನ್ನು ಒಂದೊಂದೇ ಮೆಟ್ಟಿಲು ಇಳಿಸಿ ಕೊನೆಗೆ ಹಾಡಿನ ಮುಂದೆ ತಂದು ನಿಲ್ಲಿಸುತ್ತಾನೆ. ಕಲ್ಲಿನಲ್ಲಿ ಮೂರ್ತಿ ಕಡೆಯಬೇಕೆಂದು ಹೋದವನಿಗೆ ಮೊದಲ ಪಾಠ ಸಂಗೀತದ್ದೇ ಆಯಿತು.

ನಮ್ಮ ಶಾಲೆಗಳಲ್ಲಿ ಈ ಎರಡು ವಿಷಯಗಳಿಗೆ ಬೇರೆ ಬೇರೆ ಪಿರಿಯಡ್, ಬೇರೆ ಬೇರೆ ನೋಟ್ ಪುಸ್ತಕ. ನಾದ ಎಂದರೇನು, ರೇಖೆ ಎಂದರೇನು ಎಂಬ ಪ್ರಶ್ನೆಗಳಿಗೆ ವಿದ್ಯಾರ್ಥಿಗಳು ಒಪ್ಪವಾಗಿ ಉತ್ತರ ಬರೆಯುತ್ತಾರೆ; ಆದರೆ ತಂಬೂರಿಯ ಮುಂದೆ ಕೂರಿಸಿ ಷಡ್ಜ, ಅಂದರೆ ‘ಸಾ’ ಹಿಡಿಯಲು ಹೇಳಿದರೆ, ಮೇಜಿನ ಮೇಲಿನ ಲೋಟವನ್ನು ಕಂಡಂತೆ ಬರೆಯಲು ಹೇಳಿದರೆ ತಡವರಿಸುತ್ತಾರೆ. ಪಾರಿಭಾಷಿಕ ಪದ ಮೊದಲು, ಅನುಭವ ಆಮೇಲೆ ಎಂಬ ಕ್ರಮವೇ ಇದಕ್ಕೆ ಕಾರಣ ಎಂದು ನಾನು ತಿಳಿದಿದ್ದೇನೆ. ಈ ಮಾರ್ಗದರ್ಶಿಯಲ್ಲಿ ಆ ಕ್ರಮವನ್ನು ತಿರುವುಮುರುವು ಮಾಡಲಾಗಿದೆ: ಪ್ರತಿ ಹೆಜ್ಜೆಯಲ್ಲೂ ಮೊದಲು ಕೈ, ಕಿವಿ, ಕಣ್ಣುಗಳಿಗೆ ಒಂದು ಕೆಲಸ, ಅದಾದ ಬಳಿಕ ಅದರ ಹೆಸರು. ಪ್ರೌಢಶಾಲೆಯ ಮತ್ತು ಪಿಯುಸಿಯ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರೂ, ದಿನಕ್ಕೆ ಮುಕ್ಕಾಲು ಗಂಟೆ ಬಿಡುವು ಮಾಡಿಕೊಳ್ಳಬಲ್ಲ ಯಾರಾದರೂ ಇದನ್ನು ಸುಮಾರು ಹತ್ತು ವಾರಗಳಲ್ಲಿ ಮುಗಿಸಬಹುದು. ಸಂಗೀತದ ಉದಾಹರಣೆಗಳನ್ನು ಕರ್ನಾಟಕ ಸಂಗೀತದಿಂದ ತೆಗೆದುಕೊಂಡಿದ್ದೇನೆ. ಧಾರವಾಡದ ಕಡೆಯ ಓದುಗರು ಮಾಯಾಮಾಳವಗೌಳ ಎಂದಿರುವಲ್ಲಿ ಭೈರವವನ್ನೂ, ಕಲ್ಯಾಣಿ ಎಂದಿರುವಲ್ಲಿ ಯಮನವನ್ನೂ, ಮೋಹನ ಎಂದಿರುವಲ್ಲಿ ಭೂಪವನ್ನೂ ಇಟ್ಟುಕೊಂಡರೆ ಸ್ವರಗಳ ಮಟ್ಟಿಗೆ ಪಾಠ ಕೆಡುವುದಿಲ್ಲ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಶ್ರುತಿ ಪೆಟ್ಟಿಗೆ ಅಥವಾ ಮೊಬೈಲಿನಲ್ಲಿ ತಂಬೂರಿಯ ಆ್ಯಪ್, ಧ್ವನಿ ಮುದ್ರಿಸಿಕೊಳ್ಳುವ ಅನುಕೂಲ, ಎಚ್‌ಬಿ ಮತ್ತು 4ಬಿ ಪೆನ್ಸಿಲ್, ಎ4 ಅಳತೆಯ ಡ್ರಾಯಿಂಗ್ ಪುಸ್ತಕ, ಸ್ಕೇಲು, ಜಲವರ್ಣದ ಕೆಂಪು, ಹಳದಿ, ನೀಲಿ ಮತ್ತು ಬಿಳಿ, ಎರಡು ಕುಂಚ, ಒಂದು ಸ್ಟೀಲ್ ಲೋಟ, ಒಂದು ಮೊಟ್ಟೆ. ಮನೆಯಲ್ಲಿ ಮೊಟ್ಟೆ ತರದವರು ಬಿಳಿ ಬಣ್ಣ ಬಳಿದ ಚೆಂಡನ್ನು ಇಟ್ಟುಕೊಳ್ಳಬಹುದು. ಮೊದಲ ದಿನವೇ ಎರಡು ಕೆಲಸ ಮಾಡಿಡಿ: ತಂಬೂರಿಯೊಡನೆ ಎರಡು ನಿಮಿಷ ನಿಮಗೆ ಬಂದದ್ದನ್ನು ಹಾಡಿ ಮುದ್ರಿಸಿಕೊಳ್ಳಿ, ಲೋಟವನ್ನು ನೋಡಿ ಒಂದು ಚಿತ್ರ ಬರೆದು ತಾರೀಖು ಹಾಕಿ. ಎರಡನ್ನೂ ಯಾರಿಗೂ ತೋರಿಸಬೇಕಾಗಿಲ್ಲ, ಆದರೆ ಕಳೆಯಬೇಡಿ.

ಮೊದಲ ಹೆಜ್ಜೆ: ಆಧಾರವನ್ನು ಹಿಡಿಯುವುದು

ಹಾಡುವವರಿಗೆ ಆಧಾರ ಶ್ರುತಿ ಇದೆ, ಚಿತ್ರ ಬರೆಯುವವರಿಗೆ ಕಣ್ಣುಮಟ್ಟದ ಗೆರೆ ಇದೆ. ಉಳಿದೆಲ್ಲ ಸ್ವರ ಯಾವುದು, ಉಳಿದೆಲ್ಲ ಗೆರೆ ಎತ್ತ ಓಲುತ್ತದೆ ಎಂಬುದು ಇವುಗಳಿಂದ ನಿರ್ಧಾರವಾಗುತ್ತದೆ. ಎರಡೂ ಸಾಮಾನ್ಯವಾಗಿ ಕೇಳುಗನ ಅಥವಾ ನೋಡುಗನ ಗಮನಕ್ಕೆ ಬರುವುದಿಲ್ಲ. ತಪ್ಪಿದಾಗ ಮಾತ್ರ ಬರುತ್ತವೆ.

ತಂಬೂರಿಗೆ ನಾಲ್ಕು ತಂತಿ. ಮಂದ್ರ ಪಂಚಮ, ಸಾರಣಿ, ಅನುಸಾರಣಿ, ಮಂದ್ರ ಷಡ್ಜ ಎಂಬ ಕ್ರಮದಲ್ಲಿ ಅವನ್ನು ಮೀಟುತ್ತಾರೆ. ನಡುವಿನ ಎರಡೂ ಒಂದೇ ಷಡ್ಜಕ್ಕೆ ಸೇರಿಸಿದ ತಂತಿಗಳು. ನಿಮ್ಮ ಶ್ರುತಿ ಯಾವುದು ಎಂದು ಗೊತ್ತುಮಾಡಿಕೊಳ್ಳಲು ಗಂಟಲನ್ನು ಕೇಳಬೇಕೇ ಹೊರತು ಮೆಚ್ಚಿನ ಗಾಯಕರನ್ನಲ್ಲ. ಶ್ರುತಿ ಪೆಟ್ಟಿಗೆಯಲ್ಲಿ ಒಂದು ಮನೆಯನ್ನು, ಅಂದರೆ ಅಂಕಿಯಿಂದ ಗುರುತಿಸುವ ಒಂದು ಶ್ರುತಿಯನ್ನು ಇಟ್ಟು, ಕೆಳಗೆ ಮಂದ್ರ ಪಂಚಮದವರೆಗೂ (ಕೆಳಗಿನ ‘ಪ’) ಮೇಲೆ ತಾರ ಗಾಂಧಾರದವರೆಗೂ (ಮೇಲಿನ ‘ಗ’) ಹಾಡಿ ನೋಡಿ. ಕೆಳಗೆ ಧ್ವನಿ ಗಾಳಿಯಾಗಿ ಹೋದರೆ ಮನೆ ಏರಿಸಿ, ಮೇಲೆ ಕುತ್ತಿಗೆಯ ನರ ಉಬ್ಬಿದರೆ ಇಳಿಸಿ. ಸಾಮಾನ್ಯವಾಗಿ ಗಂಡಸರಿಗೆ ಒಂದರಿಂದ ಎರಡು ಮನೆ, ಹೆಂಗಸರಿಗೆ ನಾಲ್ಕರಿಂದ ಆರು ಮನೆ ಹೊಂದುತ್ತದೆ. ಧ್ವನಿ ಒಡೆಯುತ್ತಿರುವ ವಯಸ್ಸಿನ ಹುಡುಗರು ಆ ಕಾಲ ಮುಗಿಯುವ ತನಕ ಮೆಲುವಾಗಿ, ನಡುವಿನ ಸ್ಥಾಯಿಯಲ್ಲಷ್ಟೇ ಹಾಡುವುದು ಲೇಸು; ಆಗ ಗಂಟಲನ್ನು ಹಿಂಡಿದರೆ ನಷ್ಟವೇ ಹೊರತು ಲಾಭವಿಲ್ಲ.

ಶ್ರುತಿ ಗೊತ್ತಾದ ಮೇಲೆ ದಿನಕ್ಕೆ ಹತ್ತು ನಿಮಿಷ ಬರೀ ‘ಸಾ’ ಹಾಡಿ. ಒಂದು ಕಿವಿಯನ್ನು ಅರ್ಧ ಮುಚ್ಚಿಕೊಂಡರೆ ನಿಮ್ಮ ಧ್ವನಿ ಒಳಗಿನಿಂದಲೂ ತಂಬೂರಿ ಹೊರಗಿನಿಂದಲೂ ಕೇಳಿಸುತ್ತದೆ. ಎರಡೂ ಹತ್ತಿರ ಬಂದು ಇನ್ನೂ ಕೂಡದಿರುವಾಗ ನಾದದಲ್ಲಿ ಒಂದು ಅಲೆತ, ಒಂದು ಏರಿಳಿತ ಕೇಳುತ್ತದೆ. ತಂಬೂರಿಯ ಷಡ್ಜ ಸೆಕೆಂಡಿಗೆ 240 ಕಂಪನಗಳದ್ದಾಗಿ ನಿಮ್ಮದು 243 ಆಗಿದ್ದರೆ ಆ ಅಲೆತ ಸೆಕೆಂಡಿಗೆ ಮೂರು ಸಲ ಬರುತ್ತದೆ. ನೀವು ಸರಿಯಾಗುತ್ತ ಹೋದಂತೆ ಅದು ನಿಧಾನವಾಗಿ, ಕೂಡಿದಾಗ ನಿಂತೇ ಹೋಗುತ್ತದೆ. ಶ್ರುತಿ ಸೇರುವುದು ಎಂಬ ಮಾತು ಅಲಂಕಾರವಲ್ಲ, ಭೌತವಿಜ್ಞಾನದ ಸಂಗತಿ ಎಂಬುದು ಅಲ್ಲಿ ಕಿವಿಗೇ ತಿಳಿಯುತ್ತದೆ.

ಈಗ ಲೋಟ. ಅದನ್ನು ಕೈಯಲ್ಲಿ ಹಿಡಿದು, ಬಾಯಿಯ ಅಂಚು ಸರಿಯಾಗಿ ಕಣ್ಣಿನ ಎತ್ತರಕ್ಕೆ ಬರುವಂತೆ ಮಾಡಿ. ದುಂಡಗಿನ ಬಾಯಿ ಒಂದು ನೇರ ಗೆರೆಯಾಗಿ ಕಾಣುತ್ತದೆ. ಮೆಲ್ಲಗೆ ಕೆಳಗಿಳಿಸಿದಂತೆ ಆ ಗೆರೆ ತೆರೆದುಕೊಂಡು ಮೊದಲು ಕಿರಿದಾದ, ಬಳಿಕ ಅಗಲವಾದ ಅಂಡಾಕಾರವಾಗುತ್ತದೆ. ಮೇಜಿನ ಮೇಲಿಟ್ಟ ಲೋಟದಲ್ಲಿ ತಳ ಬಾಯಿಗಿಂತಲೂ ಕಣ್ಣುಮಟ್ಟದಿಂದ ದೂರ ಇರುವುದರಿಂದ ತಳದ ಬಾಗು ಬಾಯಿಯ ಬಾಗಿಗಿಂತ ಹೆಚ್ಚಾಗಿರಬೇಕು. ಬಹುಪಾಲು ವಿದ್ಯಾರ್ಥಿಗಳು, ಲೋಟ ಮೇಜಿನ ಮೇಲೆ ಕೂತಿದೆ ಎಂಬ ತಿಳಿವಳಿಕೆಯಿಂದ, ತಳವನ್ನು ನೇರ ಗೆರೆಯಾಗಿ ಎಳೆದುಬಿಡುತ್ತಾರೆ. ನಿಮ್ಮ ಮೊದಲ ದಿನದ ಚಿತ್ರದಲ್ಲೂ ಬಹುಶಃ ಹಾಗೆಯೇ ಇರುತ್ತದೆ. ಗೊತ್ತಿರುವುದನ್ನು ಬರೆಯುವುದು ಬೇರೆ, ಕಾಣುವುದನ್ನು ಬರೆಯುವುದು ಬೇರೆ.

ಇದೇ ನಿಯಮವನ್ನು ಶಾಲೆಯ ಉದ್ದನೆಯ ಪಡಸಾಲೆಯಲ್ಲಿ ನಿಂತು ಪರೀಕ್ಷಿಸಿ. ಕಣ್ಣುಮಟ್ಟಕ್ಕಿಂತ ಮೇಲಿರುವ ಚಾವಣಿಯ ಅಂಚುಗಳು ದೂರ ಹೋಗುತ್ತ ಕೆಳಗಿಳಿಯುತ್ತವೆ, ಕೆಳಗಿರುವ ನೆಲದ ಅಂಚುಗಳು ಮೇಲೇರುತ್ತವೆ, ಎಲ್ಲವೂ ಕಣ್ಣುಮಟ್ಟದ ಗೆರೆಯ ಮೇಲಿನ ಒಂದೇ ಬಿಂದುವಿನತ್ತ ಓಡುತ್ತವೆ. ಕುಳಿತರೆ ಆ ಬಿಂದುವೂ ಕುಳಿತುಕೊಳ್ಳುತ್ತದೆ. ಪರ್ಸ್ಪೆಕ್ಟಿವ್ ಎಂದು ಕರೆಯುವ ಈ ಶಾಸ್ತ್ರವನ್ನು ಹದಿನೈದನೆಯ ಶತಮಾನದ ಇಟಲಿಯಲ್ಲಿ ಗಣಿತದ ಕಟ್ಟಿಗೆ ತಂದರು. 1435ರಲ್ಲಿ ಅಲ್ಲಿನ ವಿದ್ವಾಂಸ ಆಲ್ಬರ್ಟಿ ಅದನ್ನು ಗ್ರಂಥರೂಪದಲ್ಲಿ ವಿವರಿಸಿದ. ಎಲ್ಲ ಚಿತ್ರಪರಂಪರೆಗಳೂ ಇದನ್ನು ಪಾಲಿಸಬೇಕೆಂದಿಲ್ಲ. ನಮ್ಮ ಮೈಸೂರು ಶೈಲಿಯ ಚಿತ್ರಗಳಲ್ಲಿ ಮುಖ್ಯ ದೇವತೆ ದೊಡ್ಡದು, ಪರಿವಾರ ಚಿಕ್ಕದು. ಅಲ್ಲಿ ಗಾತ್ರವನ್ನು ಗೊತ್ತುಮಾಡುವುದು ದೂರವಲ್ಲ, ಮಹತ್ವ. ಅದನ್ನು ತಪ್ಪು ಎಂದು ತಿದ್ದಲು ಹೋಗುವುದು ತಂಬೂರಿಗೆ ಪಿಯಾನೊ ಕಲಿಸಲು ಹೋದಂತೆ.

ಎರಡನೆಯ ಹೆಜ್ಜೆ: ಆಧಾರದಿಂದ ಪಾಲು ಮಾಡುವುದು

ಒಂದು ಹಲಗೆಯ ಮೇಲೆ 60 ಸೆಂಟಿಮೀಟರ್ ದೂರದಲ್ಲಿ ಎರಡು ಮೊಳೆ ಹೊಡೆದು, ನಡುವೆ ತೆಳುವಾದ ತಂತಿಯನ್ನು ಬಿಗಿಯಾಗಿ ಕಟ್ಟಿ, ಎರಡೂ ತುದಿಯಲ್ಲಿ ಪೆನ್ಸಿಲ್ ತುಂಡನ್ನು ಕುದುರೆಯಂತೆ, ಅಂದರೆ ತಂತಿಯನ್ನು ಎತ್ತಿ ಹಿಡಿಯುವ ಆಸರೆಯಾಗಿ ಕೊಡಿ. ಬರೀ ತಂತಿ ಮೀಟಿದಾಗ ಬರುವ ನಾದವನ್ನು ಷಡ್ಜ ಎಂದುಕೊಳ್ಳಿ. 45 ಸೆಂಟಿಮೀಟರ್ ಮಾತ್ರ ಮಿಡಿಯುವಂತೆ ಒತ್ತಿ ಹಿಡಿದರೆ ಶುದ್ಧ ಮಧ್ಯಮ, 40ಕ್ಕೆ ಪಂಚಮ, 30ಕ್ಕೆ ತಾರ ಷಡ್ಜ. ಅರ್ಧ ಉದ್ದಕ್ಕೆ ಕಂಪನ ಎರಡರಷ್ಟು, ಮೂರರಲ್ಲಿ ಎರಡು ಪಾಲಿಗೆ ಒಂದೂವರೆಯಷ್ಟು. ಆದುದರಿಂದ ಷಡ್ಜ 240 ಆದರೆ ಪಂಚಮ 360, ತಾರ ಷಡ್ಜ 480. ಎರಡು ಷಡ್ಜಗಳ ನಡುವಿನ ಈ ಹರವೇ ಸ್ಥಾಯಿ.

ಈ ಸ್ಥಾಯಿಯಲ್ಲಿ ಹನ್ನೆರಡು ಸ್ವರಸ್ಥಾನಗಳಿವೆ. ಷಡ್ಜ ಮತ್ತು ಪಂಚಮ ಕದಲುವುದಿಲ್ಲ. ಉಳಿದ ಐದು ಸ್ವರಗಳಿಗೆ ಭೇದಗಳಿವೆ. ಪುಸ್ತಕಗಳಲ್ಲಿ ಹದಿನಾರು ಹೆಸರುಗಳನ್ನು ಕಂಡು ವಿದ್ಯಾರ್ಥಿಗಳು ಗೊಂದಲಕ್ಕೆ ಬೀಳುತ್ತಾರೆ. ಒಂದೊಂದು ಸ್ವರಸ್ಥಾನವನ್ನೂ ಇಲ್ಲಿ ಒಂದು ಮನೆ ಎನ್ನೋಣ; ಷಡ್ಜದ ನಂತರ ಅಂಥ ನಾಲ್ಕು ಮನೆಗಳಿವೆ ಎಂದುಕೊಳ್ಳಿ. ಅವುಗಳಲ್ಲಿ ಎರಡನ್ನು ಆರಿಸಿದರೆ ಕೆಳಗಿನದು ರಿಷಭ, ಮೇಲಿನದು ಗಾಂಧಾರ. ನಡುವಿನ ಎರಡು ಮನೆಗಳಿಗೆ ಸಂದರ್ಭ ನೋಡಿ ರಿಷಭವೆಂಬ ಹೆಸರೂ ಸಲ್ಲುತ್ತದೆ, ಗಾಂಧಾರವೆಂಬ ಹೆಸರೂ ಸಲ್ಲುತ್ತದೆ. ಪಂಚಮದ ಮೇಲೆ ಧೈವತ ನಿಷಾದಗಳ ಕಥೆಯೂ ಇದೇ. ಹೀಗೆ ನಾಲ್ಕು ಹೆಸರು ಹೆಚ್ಚಾಗಿ ಹನ್ನೆರಡು ಹದಿನಾರಾಯಿತು. ನಾಲ್ಕರಲ್ಲಿ ಎರಡನ್ನು ಆರಿಸುವ ಬಗೆ ಆರು, ಮೇಲಿನ ಅರ್ಧದಲ್ಲೂ ಆರು, ಮಧ್ಯಮ ಎರಡು. ಆರಾರು ಮೂವತ್ತಾರು, ಅದರ ಇಮ್ಮಡಿ 72. ಹೀಗೆ ಆರಿಸಿದ ಏಳು ಸ್ವರಗಳ ಒಂದೊಂದು ಗುಂಪಿಗೂ ಮೇಳ ಎಂದು ಹೆಸರು; ಹದಿನೇಳನೆಯ ಶತಮಾನದಲ್ಲಿ ಸಂಗೀತಶಾಸ್ತ್ರಜ್ಞ ವೆಂಕಟಮಖಿ ‘ಚತುರ್ದಂಡೀ ಪ್ರಕಾಶಿಕೆ’ಯಲ್ಲಿ ತೋರಿಸಿಕೊಟ್ಟ 72 ಮೇಳಗಳ ಲೆಕ್ಕ ಇದೇ. ಪಿಯುಸಿಯಲ್ಲಿ ಗಣಿತ ಓದುವವರು ಇದನ್ನು ಒಂದೇ ಸಾಲಿನಲ್ಲಿ ಬರೆದುಬಿಡಬಹುದು. ಅವನ ಕಾಲಕ್ಕೆ ಇವುಗಳಲ್ಲಿ ಬಳಕೆಯಲ್ಲಿದ್ದ ಮೇಳಗಳು ಬೆರಳೆಣಿಕೆಯವು ಎಂಬುದು ಬೇರೆ ಮಾತು.

ಮೊದಲ ಪಾಠಗಳನ್ನು ಹದಿನೈದನೆಯ ಮೇಳವಾದ ಮಾಯಾಮಾಳವಗೌಳದಲ್ಲಿ ಕಲಿಸುವ ಕ್ರಮವನ್ನು ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುತ್ತದೆ. ಆ ಆಯ್ಕೆಯ ಜಾಣ್ಮೆಯನ್ನು ನೋಡಿ. ಸ-ರಿ ಒಂದು ಮನೆ, ರಿ-ಗ ಮೂರು, ಗ-ಮ ಒಂದು; ಮ-ಪ ಎರಡು; ಪ-ದ ಒಂದು, ದ-ನಿ ಮೂರು, ನಿ-ಸ ಒಂದು. ಕೆಳಗಿನ ಅರ್ಧವನ್ನು ಎತ್ತಿ ಮೇಲಿಟ್ಟರೆ ಒಂದಕ್ಕೊಂದು ಸರಿಯಾಗಿ ಕೂರುತ್ತದೆ. ಕಿರಿದಾದ ಹೆಜ್ಜೆ, ದೊಡ್ಡ ಜಿಗಿತ ಎರಡೂ ಇರುವುದರಿಂದ ಕಿವಿ ಬೇಗ ತಪ್ಪನ್ನು ಗುರುತಿಸುತ್ತದೆ. ಡ್ರಾಯಿಂಗ್ ಪುಸ್ತಕದಲ್ಲಿ ಸಮದೂರದ ಹದಿಮೂರು ಅಡ್ಡಗೆರೆಗಳನ್ನು ಎಳೆದು ಈ ಎಂಟು ಸ್ವರಗಳ ಜಾಗದಲ್ಲಿ ಬಿಂದು ಇಟ್ಟರೆ ಈ ಸಮತೋಲನ ಕಣ್ಣಿಗೆ ಕಾಣುತ್ತದೆ. ಅವಕಾಶ ಸಿಕ್ಕರೆ ವೀಣೆಯನ್ನೂ ಹತ್ತಿರದಿಂದ ನೋಡಿ. ಬೆರಳಿನಿಂದ ತಂತಿ ಒತ್ತುವ ಅದರ 24 ಮೆಟ್ಟುಗಳು ಕುದುರೆಯ ಕಡೆಗೆ ಸಾಗಿದಂತೆ ಒತ್ತೊತ್ತಾಗುತ್ತವೆ. ಕಿವಿಗೆ ಸಮವಾಗಿ ಕೇಳುವ ಅಂತರ ಮರದ ಮೇಲೆ ಸಮವಾಗಿಲ್ಲ. ರೈಲು ಹಳಿಯ ಅಡ್ಡಪಟ್ಟಿಗಳು ದೂರದಲ್ಲಿ ಒತ್ತೊತ್ತಾಗಿ ಕಾಣುವುದನ್ನು ಬರೆದವರಿಗೆ ಈ ನೋಟ ಹೊಸದೆನಿಸದು, ಕಾರಣ ಬೇರೆಯಾದರೂ.

ಸ್ವರಗಳನ್ನು ಏರಿಸಿ ಇಳಿಸುವ ಮೊದಲ ಪಾಠಗಳಾದ ಸರಳೆ ವರಸೆಗಳನ್ನು ಹಾಡುವಾಗ ಪ್ರತಿ ಸ್ವರವನ್ನು ನೇರವಾಗಿ, ಅಲುಗಿಸದೆ ನಿಲ್ಲಿಸಿ. ಅದೇ ವಾರಗಳಲ್ಲಿ ಸ್ಕೇಲು ಮುಟ್ಟದೆ ಗೆರೆ ಎಳೆಯುವ ಅಭ್ಯಾಸವನ್ನೂ ಮಾಡಿ: ಪುಟದ ಎರಡು ಅಂಚುಗಳಲ್ಲಿ ಬಿಂದು ಇಟ್ಟು, ಕಣ್ಣನ್ನು ಪೆನ್ಸಿಲಿನ ತುದಿಯ ಮೇಲಲ್ಲ, ತಲುಪಬೇಕಾದ ಬಿಂದುವಿನ ಮೇಲೆ ನಿಲ್ಲಿಸಿ, ಮಣಿಕಟ್ಟನ್ನು ಬಿಟ್ಟು ಇಡೀ ತೋಳಿನಿಂದ ಎಳೆಯಿರಿ. ದಿನಕ್ಕೆ ಇಪ್ಪತ್ತು ಗೆರೆ ಸಾಕು. ನೇರ, ಬಾಗಿದ, ಅಂಕುಡೊಂಕಿನ, ದಪ್ಪ, ಸಣ್ಣ ಎಂಬ ಗೆರೆಯ ಬಗೆಗಳನ್ನು ಪಟ್ಟಿ ಮಾಡುವುದಕ್ಕಿಂತ ಒಂದೇ ಗೆರೆಯನ್ನು ಸಣ್ಣದಾಗಿ ಆರಂಭಿಸಿ ನಡುವೆ ದಪ್ಪವಾಗಿಸಿ ಮತ್ತೆ ಸಣ್ಣದಾಗಿ ಮುಗಿಸಲು ಕಲಿಯುವುದು ಮೇಲು.

ಮೂರನೆಯ ಹೆಜ್ಜೆ: ತಾಳ, ಎರಡು ಅರ್ಥದಲ್ಲಿ

ನಿಮ್ಮ ಅಂಗೈಯ ಬುಡವನ್ನು ಗಲ್ಲಕ್ಕೆ ಇಟ್ಟು ಬೆರಳುಗಳನ್ನು ಮುಖದ ಮೇಲೆ ಚಾಚಿ. ನಡುಬೆರಳ ತುದಿ ಹೆಚ್ಚುಕಡಿಮೆ ಕೂದಲಂಚನ್ನು ಮುಟ್ಟುತ್ತದೆ. ಶಿಲ್ಪಶಾಸ್ತ್ರದಲ್ಲಿ ಈ ಅಳತೆಗೆ ತಾಲ ಎಂದು ಹೆಸರು. ಒಂದು ತಾಲಕ್ಕೆ 12 ಅಂಗುಲ. ಅದೇ ಅಂಗೈಯಿಂದ ತೊಡೆ ತಟ್ಟಿದರೆ ಅದು ಸಂಗೀತದ ತಾಳ. ಎರಡಕ್ಕೂ ಒಂದೇ ಹೆಸರು: ಒಂದು ದೇಹವನ್ನು ಅಳೆಯುತ್ತದೆ, ಇನ್ನೊಂದು ಹೊತ್ತನ್ನು.

ಹೊತ್ತಿನ ತಾಳದಿಂದ ಆರಂಭಿಸೋಣ. ಆದಿತಾಳಕ್ಕೆ ಎಂಟು ಅಕ್ಷರ, ಅಂದರೆ ಎಂಟು ಎಣಿಕೆ: ನಾಲ್ಕರ ಒಂದು ಲಘು, ಎರಡೆರಡರ ಎರಡು ದ್ರುತ. ಲಘುವಿನಲ್ಲಿ ಒಂದು ಪೆಟ್ಟು, ಬಳಿಕ ಕಿರುಬೆರಳು, ಉಂಗುರಬೆರಳು, ನಡುಬೆರಳುಗಳ ಎಣಿಕೆ. ಪ್ರತಿ ದ್ರುತದಲ್ಲಿ ಒಂದು ಪೆಟ್ಟು, ಒಂದು ಹುಸಿ, ಅಂದರೆ ಅಂಗೈಯನ್ನು ಮೇಲ್ಮುಖ ತಿರುಗಿಸುವುದು. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ತಾಳಗಳಲ್ಲಿ ಲಘುವಿನ ಎಣಿಕೆ ಮೂರು, ನಾಲ್ಕು, ಐದು, ಏಳು, ಒಂಬತ್ತು ಎಂಬ ಐದು ಜಾತಿಗಳಾಗಿ ಬದಲಾಗುವುದರಿಂದ ಒಟ್ಟು 35 ತಾಳಗಳಾಗುತ್ತವೆ. ಚತುರಶ್ರಜಾತಿ ತ್ರಿಪುಟವೇ ಆದಿತಾಳ. ಜಾತಿಗಳನ್ನು ಬಾಯಿಪಾಠ ಮಾಡುವ ಬದಲು ಬಾಯಿಂದ ನುಡಿಸಿ: ತಕಿಟ, ತಕಧಿಮಿ, ತಕತಕಿಟ, ತಕಿಟತಕಧಿಮಿ, ತಕಧಿಮಿತಕತಕಿಟ. ಅಕ್ಷರಗಳನ್ನು ಎಣಿಸಿದರೆ ಉತ್ತರ ಅಲ್ಲೇ ಇದೆ.

ಇನ್ನು ಮೂರು ಕಾಲ, ಅಂದರೆ ಮೂರು ವೇಗ. ಮೊದಲ ಸರಳೆ ವರಸೆಯಲ್ಲಿ ಏರುವ ಎಂಟು, ಇಳಿಯುವ ಎಂಟು, ಒಟ್ಟು ಹದಿನಾರು ಸ್ವರ. ಮೊದಲ ಕಾಲದಲ್ಲಿ ಅಕ್ಷರಕ್ಕೊಂದು ಸ್ವರವಾಗಿ ಎರಡು ಆವರ್ತ (ತಾಳದ ಎರಡು ಪೂರ್ತಿ ಸುತ್ತು), ಎರಡನೆಯ ಕಾಲದಲ್ಲಿ ಒಂದು ಆವರ್ತ, ಮೂರನೆಯ ಕಾಲದಲ್ಲಿ ಅರ್ಧ ಆವರ್ತ. ಆದ್ದರಿಂದ ಮೂರನೆಯ ಕಾಲದಲ್ಲಿ ಎರಡು ಸಲ ಹಾಡಿದರೆ ತಾಳ ತುಂಬುತ್ತದೆ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದೇ: ಸ್ವರ ಬೇಗವಾದಾಗ ಕೈಯೂ ಬೇಗವಾಗುತ್ತದೆ. ಕೈ ಬದಲಾಗಬಾರದು, ಬಾಯಿ ಮಾತ್ರ ಬದಲಾಗಬೇಕು. ನಿಮಿಷಕ್ಕೆ 60 ಪೆಟ್ಟಿನ ಮೆಟ್ರೋನೋಮ್ ಹಾಕಿಕೊಂಡು, ಇಲ್ಲವೇ ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳನ್ನು ನೋಡಿಕೊಂಡು, ಮೊದಲು ಹಾಡದೆ ಬರೀ ತಾಳ ಹಾಕಿ. ಒಂದೇ ನಡೆಯನ್ನು ಕಾಯುವ ಈ ಗುಣಕ್ಕೆ ಲಯ ಎಂದು ಹೆಸರು. ತಾಳ ಅದನ್ನು ಎಣಿಸುವ ಕ್ರಮ ಮಾತ್ರ.

ದೇಹದ ತಾಲಕ್ಕೆ ಬರೋಣ. ನವತಾಲ ಎಂದರೆ ಒಂಬತ್ತು ತಾಲ, 108 ಅಂಗುಲದ ಮೂರ್ತಿ. ಅಂಗುಲಕ್ಕೆ ಎರಡೂವರೆ ಮಿಲಿಮೀಟರ್ ಎಂದು ಇಟ್ಟುಕೊಂಡರೆ 27 ಸೆಂಟಿಮೀಟರ್ ಆಗಿ ಎ4 ಹಾಳೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ. ನಡುವೆ ನೆಟ್ಟನೆಯ ಗೆರೆ ಎಳೆದು ಮೇಲಿನಿಂದ ಹೀಗೆ ಗುರುತಿಸಿ: ಕೂದಲಂಚಿನಿಂದ ಗಲ್ಲಕ್ಕೆ 3 ಸೆಂಟಿಮೀಟರ್, ಕತ್ತು 1, ಅಲ್ಲಿಂದ ಎದೆಗೆ 3, ಎದೆಯಿಂದ ಹೊಕ್ಕುಳಿಗೆ 3, ಹೊಕ್ಕುಳಿಂದ ತೊಡೆಯ ಮೂಲಕ್ಕೆ 3, ತೊಡೆ 6, ಮಂಡಿ 1, ಮೊಣಕಾಲಿನ ಕೆಳಗೆ 6, ಪಾದದ ಎತ್ತರ 1. ಕೂದಲು, ಕಿರೀಟಗಳಿಗೆ ಮೇಲೆ ಮಿಕ್ಕ ಜಾಗ ಸಾಲುತ್ತದೆ. ಈ ಗುರುತುಗಳ ಮೇಲೆ ತಲೆ, ಎದೆಗೂಡು, ಸೊಂಟಗಳನ್ನು ಸರಳ ಅಂಡಾಕಾರಗಳಾಗಿ, ಕೈಕಾಲುಗಳನ್ನು ಉರುಳೆಗಳಾಗಿ ಬರೆಯಿರಿ. ಒಮ್ಮೆ ಸಮಭಂಗದಲ್ಲಿ, ಅಂದರೆ ನೆಟ್ಟಗೆ ನಿಂತ ಭಂಗಿಯಲ್ಲಿ ಬರೆದ ಮೇಲೆ, ನಡುಗೆರೆಯನ್ನು ಮೂರು ಕಡೆ ಬಾಗಿಸಿ ತ್ರಿಭಂಗ ಮಾಡಿ ನೋಡಿ. ಬೇಲೂರಿನ ಮದನಿಕೆಯರ ಮುಂದೆ ನಿಂತಾಗ ಮೊದಲು ಆಭರಣಗಳನ್ನು ನೋಡುತ್ತಿದ್ದ ಕಣ್ಣು ಈ ಅಭ್ಯಾಸದ ನಂತರ ಮೊದಲು ಆ ಬಾಗಿದ ನಡುಗೆರೆಯನ್ನು ಹುಡುಕುತ್ತದೆ.

ಅಳತೆಯೇ ವಿನ್ಯಾಸವಾಗುವುದನ್ನು ನೋಡಬೇಕಾದರೆ ಮನೆಯ ಅಂಗಳಕ್ಕೆ ಬನ್ನಿ. ಏಳರಿಂದ ನಾಲ್ಕಕ್ಕೆ, ಮಧ್ಯಚುಕ್ಕಿ ಎಂದು ಹೇಳಿದರೆ ರಂಗೋಲಿ ಗೊತ್ತಿರುವ ಯಾರೂ ಮತ್ತೊಮ್ಮೆ ಕೇಳುವುದಿಲ್ಲ: ನಡುಸಾಲಿನಲ್ಲಿ ಏಳು, ಎರಡೂ ಕಡೆ ಆರು, ಐದು, ನಾಲ್ಕು, ಪ್ರತಿ ಚುಕ್ಕಿ ಪಕ್ಕದ ಸಾಲಿನ ಎರಡು ಚುಕ್ಕಿಗಳ ನಡುವೆ, ಒಟ್ಟು 37. ಇದು ಗೆರೆಗೆ ಹಾಕಿದ ತಾಳ. ಚುಕ್ಕಿಯನ್ನು ಸುತ್ತಿಹೋಗುವ ಎಳೆ ಹೊರಟಲ್ಲಿಗೇ ಮರಳುವುದನ್ನು ಆವರ್ತಕ್ಕೆ ಹೋಲಿಸಿದರೆ ಅತಿಯಾಗದು.

ನಾಲ್ಕನೆಯ ಹೆಜ್ಜೆ: ಛಾಯೆ ಮತ್ತು ಗಮಕ

ಮೊಟ್ಟೆಯನ್ನು ಬಿಳಿ ಹಾಳೆಯ ಮೇಲಿಟ್ಟು ಒಂದೇ ಕಡೆಯಿಂದ ಬೆಳಕು ಬೀಳುವಂತೆ ಮಾಡಿ. ಸಂಜೆಯ ಕಿಟಕಿ ಸಾಕು, ಉಳಿದ ದೀಪಗಳನ್ನು ಆರಿಸಿ. ಮೊದಲು ಪುಟದ ಅಂಚಿನಲ್ಲಿ ಐದು ಚೌಕಗಳನ್ನು ಬರೆದು ಕಾಗದದ ಬಿಳಿಯಿಂದ 4ಬಿ ಪೆನ್ಸಿಲಿನ ಕಡುಗಪ್ಪಿನವರೆಗೆ ಐದು ಮೆಟ್ಟಿಲು ಮಾಡಿಕೊಳ್ಳಿ. ಬಳಿಕ ಕಣ್ಣನ್ನು ಅರೆಮುಚ್ಚಿ ಮೊಟ್ಟೆಯನ್ನು ನೋಡಿ. ಬೆಳಕು ನೇರ ಬೀಳುವ ಜಾಗ, ನಡುಛಾಯೆ, ಅತಿ ಕಪ್ಪಾದ ಪಟ್ಟಿ, ಹಾಳೆಯಿಂದ ಮರಳಿ ಬಂದ ಬೆಳಕು, ನೆಲದ ಮೇಲೆ ಬಿದ್ದ ನೆರಳು, ಇವು ಐದೂ ಬೇರೆಬೇರೆಯಾಗಿ ಕಾಣುತ್ತವೆ. ಅತಿ ಕಪ್ಪಾದ ಪಟ್ಟಿ ಮೊಟ್ಟೆಯ ತುದಿಯಂಚಿನಲ್ಲಿಲ್ಲ, ಸ್ವಲ್ಪ ಒಳಗಿದೆ. ಅಂಚಿಗೆ ಹಾಳೆಯ ಬೆಳಕು ತಾಗಿ ತುಸು ತಿಳಿಯಾಗಿದೆ. ಇದನ್ನು ಕಂಡುಕೊಳ್ಳುವವರೆಗೂ ಚಿತ್ರ ತಟ್ಟೆಯಂತೆ ಚಪ್ಪಟೆಯಾಗಿರುತ್ತದೆ, ಕಂಡ ದಿನ ಉಬ್ಬಿ ನಿಲ್ಲುತ್ತದೆ. ಬೆರಳಿನಿಂದ ಉಜ್ಜಿ ನುಣುಪು ಮಾಡುವ ಆಸೆಯನ್ನು ಬಿಡಿ. ಉಜ್ಜಿದ ಛಾಯೆ ಮಸಿ ಹತ್ತಿದಂತೆ ಕಾಣುತ್ತದೆ.

ಮೆಟ್ಟಿಲುಗಳನ್ನು ಕಲಿತ ಬಳಿಕ ಅವು ಕಾಣದಂತೆ ಬೆಸೆಯುವುದು ಛಾಯೆ. ಸಂಗೀತದಲ್ಲಿ ಈ ಕೆಲಸ ಗಮಕದ್ದು. ಸರಳೆ ವರಸೆಯಲ್ಲಿ ನೇರವಾಗಿ ನಿಂತಿದ್ದ ಸ್ವರ, ಗಮಕ ಬಂದಾಗ ನೆರೆಯ ಸ್ವರವನ್ನು ಮುಟ್ಟಿ ಬರುತ್ತದೆ, ಅಲುಗುತ್ತದೆ, ಜಾರುತ್ತದೆ. ಕಂಪಿತ, ಜಾರು ಎಂಬ ಎರಡನ್ನು ಮೊದಲು ಗುರುತಿಸಲು ಕಲಿತರೆ ಸಾಕು. ಆದರೆ ಒಂದು ಎಚ್ಚರಿಕೆಯ ಮಾತು: ಛಾಯೆಯನ್ನು ಮೊಟ್ಟೆಯೇ ಕಲಿಸುತ್ತದೆ, ಗಮಕವನ್ನು ಬರಹ ಕಲಿಸಲಾರದು. ಸ್ವರಲಿಪಿಯಲ್ಲಿ ಅದು ಬಹುಮಟ್ಟಿಗೆ ಕಾಣುವುದೇ ಇಲ್ಲ. ಗುರುವಿನ ಎದುರು ಕೂತು ಕೇಳಿಯೇ ಅದನ್ನು ತೆಗೆದುಕೊಳ್ಳಬೇಕು. ಅದು ದೊರೆಯುವ ತನಕ ಸ್ವರವನ್ನು ನೇರವಾಗಿ ಹಾಡುವುದು, ಸುಮ್ಮನೆ ನಡುಗಿಸಿ ಹಾಡುವುದಕ್ಕಿಂತ ಮೇಲು.

ಐದನೆಯ ಹೆಜ್ಜೆ: ಕಡಿಮೆ ಸ್ವರ, ಕಡಿಮೆ ಬಣ್ಣ

ರಾಗವೆಂದರೆ ಸ್ವರಗಳ ಪಟ್ಟಿ ಎಂದು ತಿಳಿದವರು ಶಂಕರಾಭರಣ, ಕಲ್ಯಾಣಿಗಳನ್ನು ಹಾಡಿ ನೋಡಬೇಕು. 29ನೆಯ ಮೇಳ, 65ನೆಯ ಮೇಳ. ಆರು ಸ್ವರ ಒಂದೇ, ಮಧ್ಯಮ ಮಾತ್ರ ಒಂದು ಮನೆ ಮೇಲೆ. ಆ ಒಂದು ಮನೆಯಿಂದ ಇಡೀ ಮನೋಧರ್ಮ ಬೇರೆಯಾಗುತ್ತದೆ. ಬಳಿಕ ಹೊಸಬರು ಮೊದಲು ಕಲಿಯುವ ಪಿಳ್ಳಾರಿ ಗೀತೆಗಳ ರಾಗವಾದ ಮಲಹರಿಗೆ ಬನ್ನಿ. ಏರುವಾಗ ಸ ರಿ ಮ ಪ ದ ಸ, ಇಳಿಯುವಾಗ ಸ ದ ಪ ಮ ಗ ರಿ ಸ. ನಿಷಾದ ಎಲ್ಲೂ ಇಲ್ಲ, ಗಾಂಧಾರ ಇಳಿಯುವಾಗ ಮಾತ್ರ. ಏನನ್ನು ಬಿಡಬೇಕು, ಯಾವ ದಾರಿಯಲ್ಲಿ ಹೋಗಬೇಕು ಎಂಬ ನಿಯಮವೇ ರಾಗಕ್ಕೆ ಮುಖಚಹರೆ ಕೊಡುತ್ತದೆ ಎಂಬುದನ್ನು ಈ ಪುಟ್ಟ ರಾಗ ದೊಡ್ಡ ರಾಗಗಳಿಗಿಂತ ಸ್ಪಷ್ಟವಾಗಿ ತೋರಿಸುತ್ತದೆ.

ಬಣ್ಣದಲ್ಲೂ ಹಾಗೆಯೇ ಮಾಡಿ. 24 ಬಣ್ಣಗಳ ಪೆಟ್ಟಿಗೆಯನ್ನು ಮುಚ್ಚಿಟ್ಟು ಮೂರು ಮೂಲವರ್ಣಗಳಿಂದ ಕಿತ್ತಳೆ, ಹಸಿರು, ನೇರಳೆ ಮಾಡಿಕೊಳ್ಳಿ. ಎದುರುಬದುರು ಬಣ್ಣಗಳಾದ ಕೆಂಪು-ಹಸಿರು, ಹಳದಿ-ನೇರಳೆ, ನೀಲಿ-ಕಿತ್ತಳೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಎರಡೂ ಉಜ್ವಲವಾಗುತ್ತವೆ. ಬೆರೆಸಿದರೆ ಎರಡೂ ಮಂಕಾಗುತ್ತವೆ. ಕಪ್ಪು ಬಳಸದೆ ನೆರಳಿನ ಬಣ್ಣ ಮಾಡುವ ಗುಟ್ಟು ಇಲ್ಲಿದೆ. ಮೊಬೈಲ್ ಪರದೆಯಲ್ಲಿ ಮೂಲಬಣ್ಣಗಳು ಕೆಂಪು, ಹಸಿರು, ನೀಲಿ ಎಂದು ವಿಜ್ಞಾನ ಪುಸ್ತಕ ಹೇಳುವುದೂ ನಿಜವೇ. ಅದು ಬೆಳಕನ್ನು ಕೂಡಿಸುವ ಲೆಕ್ಕ, ಇದು ಬಣ್ಣದ ಪುಡಿಗಳನ್ನು ಬೆರೆಸುವ ಲೆಕ್ಕ.

ಮಲೆನಾಡಿನ ದೀವರ ಸಮುದಾಯದ ಗೋಡೆಚಿತ್ರವಾದ ಹಸೆ ಚಿತ್ತಾರವನ್ನು ಬಣ್ಣದ ಮಲಹರಿ ಎನ್ನಬಹುದು. ಕೆಮ್ಮಣ್ಣಿನ ನೆಲ, ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ. ಆ ನಾಲ್ಕು ಬಣ್ಣಗಳಲ್ಲಿ ಇಡೀ ಮದುವೆಮನೆಯ ಗೋಡೆ ತುಂಬುತ್ತದೆ. ಒಂದು ವಾರ ನೀವೂ ಒಂದು ನೆಲದ ಬಣ್ಣ, ಒಂದು ಗೆರೆಯ ಬಣ್ಣ ಎಂದು ನಿಯಮ ಹಾಕಿಕೊಂಡು ಚಿತ್ರ ಬರೆಯಿರಿ. ಮೈವಳಿಕೆ, ಅಂದರೆ ಮೇಲ್ಮೈ ಒರಟೋ ನುಣುಪೋ ಎಂಬ ಗುಣ, ಬೇರೆ ಪಾಠವಿಲ್ಲದೆಯೇ ಅಲ್ಲಿ ತಿಳಿಯುತ್ತದೆ.

ಸ್ವರಗಳಿಗೂ ಬಣ್ಣಗಳಿಗೂ ಒಂದಕ್ಕೊಂದು ಜೋಡಿ ಹಾಕುವ ಪಟ್ಟಿಗಳು ಆಗಾಗ ಕಾಣಿಸಿಕೊಳ್ಳುತ್ತವೆ. 1704ರ ‘ಆಪ್ಟಿಕ್ಸ್’ ಗ್ರಂಥದಲ್ಲಿ ನ್ಯೂಟನ್ ಕೂಡ ಬೆಳಕಿನ ಪಟ್ಟಿಯನ್ನು ಏಳಾಗಿ ಪಾಲು ಮಾಡಿ ಸಂಗೀತದ ಸ್ಥಾಯಿಗೆ ಹೊಂದಿಸಿದ. ಇಂಥವು ಆಟಕ್ಕೆ ಚೆನ್ನ, ಪಾಠಕ್ಕೆ ಬೇಡ. ಷಡ್ಜ ಕೆಂಪೆಂದು ಕಲಿತ ಹುಡುಗಿಗೆ ಷಡ್ಜವೂ ತಿಳಿಯುವುದಿಲ್ಲ, ಕೆಂಪೂ ತಿಳಿಯುವುದಿಲ್ಲ. ರಾಗಮಾಲಾ ಚಿತ್ರಕಾರರು ಹಿಡಿದ ದಾರಿ ಬೇರೆ: ಅವರು ಸ್ವರವನ್ನಲ್ಲ, ರಾಗದ ಹೊತ್ತು, ಋತು, ಭಾವಗಳನ್ನು ನಾಯಕ ನಾಯಿಕೆಯರ ಸನ್ನಿವೇಶವಾಗಿ ಬರೆದರು. ಆ ಪರಂಪರೆ ದಖ್ಖನಿನಲ್ಲೂ ಬೆಳೆದಿತ್ತು. ವಿಜಯಪುರವನ್ನು 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹ ರಾಗಗಳಿಗೆ ಹೊಂದಿಸಿ ‘ಕಿತಾಬ್-ಎ-ನೌರಸ್’ನ ಹಾಡುಗಳನ್ನು ಬರೆದದ್ದೂ, ಚಿತ್ರಕಾರರಿಗೆ ಆಶ್ರಯ ಕೊಟ್ಟದ್ದೂ ಒಂದೇ ಆಸ್ಥಾನದಲ್ಲಿ.

ಆರನೆಯ ಹೆಜ್ಜೆ: ಜೋಡಣೆ

ಇಷ್ಟು ಕೈಸೇರಿದ ಮೇಲೆ ಒಂದು ಇಡಿಯಾದ ಕೃತಿಯನ್ನು ಕೇಳಿ, ಒಂದು ಇಡಿಯಾದ ಚಿತ್ರವನ್ನು ನೋಡಿ. ಕೃತಿಯಲ್ಲಿ ಪಲ್ಲವಿ ಎಷ್ಟು ಸಲ ಮರಳಿ ಬರುತ್ತದೆ, ಅನುಪಲ್ಲವಿಯಲ್ಲಿ ಧ್ವನಿ ಎಲ್ಲಿಗೆ ಏರುತ್ತದೆ, ಚರಣದಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ಎಣಿಸಿ, ಏರಿಳಿತವನ್ನು ಒಂದೇ ಗೆರೆಯಾಗಿ ಪುಟದ ಮೇಲೆ ಬರೆಯಿರಿ. ಚಿತ್ರದಲ್ಲಿ ಕಣ್ಣು ಮೊದಲು ಎಲ್ಲಿ ಕೂರುತ್ತದೆ, ಅಲ್ಲಿಂದ ಎತ್ತ ಹೋಗುತ್ತದೆ, ಖಾಲಿ ಬಿಟ್ಟ ಜಾಗ ಎಲ್ಲಿದೆ ಎಂದು ಗುರುತಿಸಿ. ಖಾಲಿ ಜಾಗವನ್ನು ತುಂಬಿಬಿಡುವ ಆತುರ ಮತ್ತು ಸ್ವರಗಳ ನಡುವೆ ವಿರಾಮ ಕೊಡದೆ ಹಾಡುವ ಆತುರ, ಎರಡೂ ಹೊಸಬರಲ್ಲಿ ಸಾಮಾನ್ಯ. ಎರಡೂ ಭಯದಿಂದ ಬರುವಂಥವು ಎಂದು ನನಗನಿಸುತ್ತದೆ. ಸಮತೋಲನ, ಪ್ರಾಧಾನ್ಯ, ವೈದೃಶ್ಯ, ಏಕತೆ ಎಂದು ಪಠ್ಯಪುಸ್ತಕ ಕೊಡುವ ಹೆಸರುಗಳನ್ನು ಈಗ ನಿಮ್ಮ ಟಿಪ್ಪಣಿಯ ಪಕ್ಕದಲ್ಲಿ ಬರೆದುಕೊಳ್ಳಬಹುದು.

ಬೆಂಗಳೂರಿನಲ್ಲಿರುವವರು ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯ ಹೆಸರನ್ನು ಬಲ್ಲರು. ಕೆ. ವೆಂಕಟಪ್ಪ (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಚಿತ್ರಕಲೆ ಕಲಿತವರು. ಮೈಸೂರಿನಲ್ಲಿ ವೀಣೆ ಶೇಷಣ್ಣನವರ ಬಳಿ ವೀಣೆಯನ್ನೂ ಕಲಿತರು. ಊಟಿ, ಕೊಡೈಕನಾಲ್‌ಗಳ ಅವರ ಜಲವರ್ಣ ನಿಸರ್ಗಚಿತ್ರಗಳನ್ನು ನೋಡುವಾಗ ಮಂಜಿನ ಛಾಯೆ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಎಲ್ಲಿ ದಾಟಿತೆಂದು ಹುಡುಕಿ, ಸುಲಭಕ್ಕೆ ಸಿಗುವುದಿಲ್ಲ.

ಪರೀಕ್ಷೆಗೆ ಕೂರುವವರಿಗೆ

ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆಗಳಿಗೂ ಡ್ರಾಯಿಂಗ್‌ನ ಲೋಯರ್, ಹೈಯರ್ ಗ್ರೇಡ್‌ಗಳಿಗೂ ಕಟ್ಟುವವರು ಲಕ್ಷಣಗಳನ್ನು ಬರೆಯಲೇಬೇಕು. ಆಗ ಪ್ರತಿ ಲಕ್ಷಣದ ಪಕ್ಕದಲ್ಲಿ ನೀವೇ ಮಾಡಿದ ಒಂದು ಕೆಲಸವನ್ನು ನೆನಪಿಗೆ ಕಟ್ಟಿಕೊಳ್ಳಿ. ಸ್ಥಾಯಿ ಎಂದರೆ 60ರ ತಂತಿಯನ್ನು 30ಕ್ಕೆ ಒತ್ತಿದ್ದು. ಆದಿತಾಳದ ಲಘು ಎಂದರೆ ಒಂದು ಪೆಟ್ಟು, ಮೂರು ಬೆರಳು. ಕಾಮಸೂತ್ರಕ್ಕೆ ಯಶೋಧರ ಬರೆದ ‘ಜಯಮಂಗಲಾ’ ವ್ಯಾಖ್ಯಾನದಲ್ಲಿ ಬರುವ ಚಿತ್ರದ ಆರು ಅಂಗಗಳೂ ಹೀಗೆಯೇ ನೆನಪಿನಲ್ಲಿ ಉಳಿಯುತ್ತವೆ: ಲೋಟವನ್ನು ಮೊಟ್ಟೆಯಿಂದ ಬೇರೆಯಾಗಿ ಕಂಡದ್ದು ರೂಪಭೇದ, 27 ಸೆಂಟಿಮೀಟರಿನ ಗೆರೆ ಪ್ರಮಾಣ, ತ್ರಿಭಂಗದ ಬಾಗು ಭಾವಕ್ಕೆ ದಾರಿ, ಖಾಲಿ ಬಿಟ್ಟ ಜಾಗ ಲಾವಣ್ಯಯೋಜನೆಯ ಒಂದು ಪಾಲು, ಕಂಡಂತೆ ಬಾಗಿಸಿದ ತಳ ಸಾದೃಶ್ಯ, ಮೂರರಿಂದ ಬೆರೆಸಿದ ಬಣ್ಣ ವರ್ಣಿಕಾಭಂಗ.

ಹತ್ತನೆಯ ವಾರದ ಕೊನೆಯ ದಿನ ಅದೇ ಲೋಟವನ್ನು ಅದೇ ಮೇಜಿನ ಮೇಲಿಟ್ಟು ಮತ್ತೊಮ್ಮೆ ಬರೆಯಿರಿ. ಅದೇ ಶ್ರುತಿಯಲ್ಲಿ ಎರಡು ನಿಮಿಷ ಮತ್ತೊಮ್ಮೆ ಹಾಡಿ ಮುದ್ರಿಸಿಕೊಳ್ಳಿ. ಎರಡು ಚಿತ್ರಗಳಲ್ಲಿ ತಳದ ಬಾಗನ್ನು ಹೋಲಿಸಿ. ಎರಡು ಮುದ್ರಣಗಳಲ್ಲಿ ಕೊನೆಯ ಷಡ್ಜವನ್ನಷ್ಟೇ ಕೇಳಿ: ತಂಬೂರಿಯೊಡನೆ ಇನ್ನೂ ಅಲೆತ ಕೇಳುತ್ತಿದ್ದರೆ ಆಮೇಲಿನ ಹೆಜ್ಜೆಗಳನ್ನು ಬಿಟ್ಟು ಮತ್ತೊಂದು ತಿಂಗಳು ಬರೀ ‘ಸಾ’ ಹಾಡಿ.